ಸಿಂಸಿಮ್ ಕತ್ತು ಬಗ್ಗಿಸುವ ಹೊತ್ತು

ನನ್ನ ಗಂಡ ಅಥ್ಮಾನ್ ತಮ್ಮ ಸಕ್ಕರೆ ಕಾಯಿಲೆಯ ಸೂಜಿಯನ್ನು ಎಷ್ಟೋ ದಿನ ಮರೆಯುತ್ತಿದ್ದರು. ಅದೇ ಕಾಯಿಲೆಯ ನಮ್ಮ ಬೆಕ್ಕು ಸಿಂಸಿಮ್‌ನ ಸೂಜಿಯನ್ನು ಮಾತ್ರ ಒಂದು ಹೊತ್ತೂ ಮರೆಯಲಿಲ್ಲ. ಅವರು ಹೋದರು, ಬೆಕ್ಕು ಉಳಿಯಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಬೆಳಗಿನ ಬಾಂಗಿಗೊಮ್ಮೆ, ಸಂಜೆಯ ಬಾಂಗಿಗೊಮ್ಮೆ. ನಮ್ಮ ಲಾಮು ದ್ವೀಪದ ಮಸೀದಿಯ ಕೂಗು ಕೇಳಿದೊಡನೆ ಬಾಗಿಲಾಚೆಯ ಕಲ್ಲುಕಟ್ಟೆಯ ಮೇಲೆ ಕೂರುತ್ತಿದ್ದರು. ಮೀನು ತಿಂದು ಮುಗಿಸಿದ ಸಿಂಸಿಮ್ ಪಕ್ಕಕ್ಕೆ ಬಂದು ಕತ್ತು ಬಗ್ಗಿಸುತ್ತಿತ್ತು. ಚರ್ಮ ಎತ್ತಿ ಎರಡು ಗೆರೆಯಷ್ಟು ಇನ್ಸುಲಿನ್ ಚುಚ್ಚಿ, "ಆಯ್ತು ಮಗಳೇ" ಅನ್ನುತ್ತಿದ್ದರು. ಊರಿನ ಕತ್ತೆಗಳಿಗೆ ಮದ್ದು ಮಾಡುವ ಡಾಕ್ಟರು ಕಲಿಸಿದ ವಿದ್ಯೆ ಅದು.

ಅವರು ತೀರಿಕೊಂಡ ಮೇಲೆ ನಾನು ಇದ್ದತ್‌ಗೆ ಕೂತೆ. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ಬೆಕ್ಕನ್ನು ಒಳಗೇ ಅದುಮಿ ಹಿಡಿದು ಚುಚ್ಚುತ್ತಿದ್ದೆ. ನನ್ನ ಕೈ ನಡುಗುತ್ತಿತ್ತು, ಅದು ಪರಚುತ್ತಿತ್ತು, ಅರ್ಧ ಔಷಧಿ ಕೂದಲ ಪಾಲಾಗುತ್ತಿತ್ತು.

ಒಂಬತ್ತನೆಯ ಸಂಜೆ ಬಾಗಿಲ ಸಂದಿಯಿಂದ ನೋಡಿದೆ. ಬಾಂಗು ಕೂಗಿತು. ಸಿಂಸಿಮ್ ಖಾಲಿ ಕಟ್ಟೆಯ ಮೇಲೆ ಕೂತು ಕತ್ತು ಬಗ್ಗಿಸಿತು. ಕಾದಿತು. ಆಮೇಲೆ ಸೂಜಿ ತಾಗಿದಾಗ ಮಾಡುವ ಹಾಗೆಯೇ ಬೆನ್ನಿನ ಚರ್ಮ ಅದುರಿಸಿ, ಮೈ ಕೊಡವಿ ಎದ್ದುಹೋಯಿತು.

ನನ್ನ ಮೈ ಜುಮ್ಮೆಂದಿತು. ಅವರೇ ಬಂದು ಸೂಜಿ ಕೊಟ್ಟಿದ್ದಾರೆ! ಒಂದೇ ಹೊತ್ತಿಗೆ ಎರಡು ಸಲ ಕೊಟ್ಟರೆ ಬೆಕ್ಕು ಸಾಯುತ್ತದೆಂದು ಹೆದರಿಸಿದವರೂ ಅವರೇ. ಸೂಜಿಯನ್ನು ತಿರುಗಿ ಇಟ್ಟುಬಿಟ್ಟೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ನಗಬೇಡಿ, ಆ ದಿನಗಳಲ್ಲಿ ನಾನು ಸುಖವಾಗಿದ್ದೆ.

ನಾಲ್ಕನೆಯ ದಿನ ಸಂಜೆ ಅವರ ಅಕ್ಕ ರುಕಿಯಾ ಬಂದರು.

"ಜೋಖಾ, ಏನೇ ಇದು? ಕತ್ತೆ ನೀರು ಕುಡಿಯೋ ಬಾನಿ ಬಿಟ್ಟು ಏಳ್ತಿಲ್ಲ ಬೆಕ್ಕು. ಹಿಂಗಾಲು ನೋಡು, ಹಿಮ್ಮಡಿ ಊರ್ಕೊಂಡು ತೆವಳ್ತಿದೆ. ಸೂಜಿ ಕೊಡ್ತಿಲ್ವಾ?"

"ನಿಮ್ಮ ತಮ್ಮ ಕೊಡ್ತಿದ್ದಾರೆ, ಅಕ್ಕಾ."

ರುಕಿಯಾ ಹಣೆ ಚಚ್ಚಿಕೊಂಡರು.

"ಬದುಕಿದ್ದಾಗ ತನ್ನ ಸೂಜೀನೇ ನೆಟ್ಟಗೆ ಚುಚ್ಕೊಳ್ಳಲಿಲ್ಲ ಆ ಪುಣ್ಯಾತ್ಮ! ಈಗ ಬೆಕ್ಕಿಗೆ ಚುಚ್ಚೋಕೆ ಎದ್ದು ಬರ್ತಾನಾ? ಎಲ್ಲಿ, ಸೀಸೆ ತೋರ್ಸು."

ತೋರಿಸಿದೆ. ಮೂರು ದಿನದ ಹಿಂದೆ ಎಷ್ಟಿತ್ತೋ ಅಷ್ಟೇ ಇತ್ತು. ನನ್ನ ಗಂಡ ಇನ್ನೊಮ್ಮೆ ಸತ್ತಂತಾಯಿತು.

"ಅವನಂತೂ ಹೋದ. ಇದನ್ನೂ ಕಳಿಸ್ತೀಯಾ?"

"ಒಳಗೆ ಕೈಗೇ ಸಿಗಲ್ಲ ಅಕ್ಕಾ ಅದು. ಕಟ್ಟೆ ಮೇಲಾದ್ರೆ ಮಾತ್ರ ಕತ್ತು ಕೊಡುತ್ತೆ. ಇದ್ದತ್‌ನಲ್ಲಿ ನಾನು ಅಲ್ಲಿ ಹೋಗಿ ಕೂತ್ರೆ ಬೀದಿ ಜನ ಏನಂತಾರೆ?"

"ಏನಾದ್ರೂ ಅಂದ್ಕೊಳ್ಲಿ. ನಾನು ಅಡ್ಡ ನಿಲ್ತೀನಿ. ಏಳು."

ರುಕಿಯಾ ತಾವು ಹೊದ್ದಿದ್ದ ವಸ್ತ್ರವನ್ನು ಎರಡೂ ಕೈಯಲ್ಲಿ ಪರದೆಯ ಹಾಗೆ ಹಿಡಿದು ಬೀದಿಗೆ ಬೆನ್ನು ಹಾಕಿ ನಿಂತರು. ಹೊಸಿಲು ದಾಟಿದೆ. ನನ್ನ ಗಂಡ ಕೂರುತ್ತಿದ್ದ ಜಾಗ ಬಿಟ್ಟು, ಅಭ್ಯಾಸಬಲದಿಂದ ಕಟ್ಟೆಯ ತುದಿಯಲ್ಲಿ ಕೂತೆ.

ಬಾಂಗು ಕೂಗಿತು. ಸಿಂಸಿಮ್ ಕಾಲೆಳೆಯುತ್ತಾ ಬಂತು. ನನ್ನ ಹತ್ತಿರ ಬರಲಿಲ್ಲ. ಆ ಖಾಲಿ ಜಾಗದ ಪಕ್ಕದಲ್ಲಿ ಕೂತು ಕತ್ತು ಬಗ್ಗಿಸಿತು.

ಆ ಖಾಲಿ ಜಾಗದ ಮೇಲಿಂದಲೇ ಕೈ ಚಾಚಿದೆ. ಅಲ್ಲಿಯ ಕಲ್ಲು ಬೆಚ್ಚಗಿತ್ತು; ಹಗಲಿನ ಬಿಸಿಲಿರಬೇಕು. ಚರ್ಮ ಎತ್ತಿ ಎರಡು ಗೆರೆ ಚುಚ್ಚಿದೆ. ಬೆಕ್ಕು ಪರಚಲಿಲ್ಲ.

"ಆಯ್ತು ಮಗಳೇ" ಅಂದೆ.

ಅಷ್ಟು ಹೊತ್ತೂ ನನ್ನ ಕೈ ನಡುಗಿರಲಿಲ್ಲ.