ಗಂಟಿಲ್ಲದ ಕೊಂಡಿ

ಪ್ರಭುಲಿಂಗ ಮಾಸ್ತರರು ಕತ್ತನ್ನು ತುಸು ಎಡಕ್ಕೆ ವಾಲಿಸಿ, ಒಂದು ಕಣ್ಣು ಕಿರಿದು ಮಾಡಿ ಹುನಗುಂದದ ಪೇಟೆಯಲ್ಲಿ ನಡೆದು ಬಂದರೆ, ಅಂಗಡಿಕಾರರು ತಮ್ಮ ಬೋರ್ಡು ಸೊಟ್ಟಗಿದೆಯೇನೋ ಎಂದು ಹೊರಗೆ ಬಂದು ನೋಡಿಕೊಳ್ಳುತ್ತಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದ ಅವರಿಗೆ ಲೋಕವೆಲ್ಲ ತಿದ್ದಬೇಕಾದ ಡ್ರಾಯಿಂಗ್ ಹಾಳೆ. ಮೇ ತಿಂಗಳ ಬಿಸಿಲಲ್ಲೂ ಬಿಡದ ಬೂದಿಬಣ್ಣದ ಕೋಟು. ಒಪ್ಪಿಗೆಯಾಗದ ಮಾತು ಕಿವಿಗೆ ಬಿದ್ದರೆ ಜಗಳಕ್ಕಿಳಿಯದೆ, ಆ ಕೋಟಿನ ತುದಿಯಿಂದ ಕನ್ನಡಕ ಒರೆಸುತ್ತ ಕುಳಿತುಬಿಡುತ್ತಿದ್ದರು. ಒರೆಸುವುದು ಮುಗಿಯಲೆಂದು ಕಾದ ಎಷ್ಟೋ ಹೆಡ್‌ಮಾಸ್ತರರು ವರ್ಗವಾಗಿ ಹೋದರು.

ಸೀರೆಗಳ ಅಸಲಿತನ ನೋಡಿ ಮುದ್ರೆ ಹಾಕಲು ಇಳಕಲ್ಲಿನಲ್ಲಿ ಸರ್ಕಾರದ ಹೊಸ ಮಂಡಳಿಯೊಂದು ತೆರೆದಾಗ, ಅದರ ಲಾಂಛನ ಬರೆಯುವ ಕೆಲಸ ನಿವೃತ್ತರಾಗಿದ್ದ ಇವರ ಪಾಲಿಗೆ ಬಂತು. ಬರೆದದ್ದು ಇಷ್ಟೇ: ಒಂದು ಕೆಂಪು ಕುಣಿಕೆ, ಒಂದು ಕಪ್ಪು ಕುಣಿಕೆ, ಒಂದರೊಳಗೊಂದು ತೂರಿ ನಿಂತದ್ದು. ಸೆರಗಿನ ರೇಷ್ಮೆ ಎಳೆಯನ್ನು ಒಡಲಿನ ಎಳೆಗೆ ಹೀಗೆ ಒಂದೊಂದಾಗಿ ಸೇರಿಸುವುದೇ ಕೊಂಡಿ. ಮಾಸ್ತರರ ತಾಯಿ ರಂಗವ್ವ ನಲವತ್ತು ವರ್ಷ ಅದನ್ನೇ ಮಾಡಿ ಕಣ್ಣು ಕಳೆದುಕೊಂಡವಳು.

ಮಂಡಳಿಯ ಅಧಿಕಾರಿ ಯುವರಾಜ ಸಾಹೇಬರು ಕೆಟ್ಟವರಲ್ಲ, ಅವಸರದವರು. ಸೂರ್ಯ ಬೇಕು, ಬಾದಾಮಿಯ ಗುಹೆಯ ಕಂಬ ಬೇಕು, ಹಲ್ಲಿನ ಚಕ್ರ ಬೇಕು ಎಂದರು. ಮಾಸ್ತರರು ಕನ್ನಡಕ ಒರೆಸಿದರು, ಅವೆಲ್ಲ ತಾವಾಗಿ ಉದುರಿದವು. ಕೊನೆಗೆ ಸಾಹೇಬರು, ಕುಣಿಕೆಗಳು ಬಿಚ್ಚಿಹೋಗುವಂತೆ ಕಾಣುತ್ತವೆ, ನಡುವೆ ಬಿಗಿಯಾಗಿ ಒಂದು ಗಂಟು ಬರೆದರೆ ಒಗ್ಗಟ್ಟು ಕಾಣುತ್ತದೆ ಎಂದು ಪಟ್ಟು ಹಿಡಿದರು.

“ಕೊಂಡಿಯೊಳಗ ಗಂಟ ಇರೂದಿಲ್ಲರಿ. ಗಂಟ ಬಿದ್ರ ನಮ್ಮವ್ವ ಬಿಚ್ಚಿ ಮತ್ತ ಮೊದಲಿಂದ ಮಾಡ್ತಿದ್ಲು.”

“ಅಷ್ಟ ಸೂಕ್ಷ್ಮ ಯಾರ ನೋಡ್ತಾರ್ರಿ, ಮಾಸ್ತರ?”

“ಕೊಂಡಿ ಮಾಡೂ ಹೆಣ್ಣಮಕ್ಕಳು ನೋಡ್ತಾರ್ರಿ.”

ಉದ್ಘಾಟನೆಯ ದಿನ ಪರದೆ ಸರಿಯಿತು. ಇಳಕಲ್ಲಿನ ಕೆಂಪು ಕಲ್ಲಿನ ಮೇಲೆ ಲಾಂಛನ, ಅದರ ನಟ್ಟನಡುವೆ ಗಂಟು, ಕೆಳಗೆ ಮಾಸ್ತರರ ಹೆಸರು. ಶಾಲು ಹೊದಿಸಲು ವೇದಿಕೆಗೆ ಕರೆದರು. ಅವರು ಹತ್ತಿದರು, ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ನಿಂತರು.

“ಇದು ನಾ ಬರದದ್ದಲ್ಲ. ನನ್ನ ಹೆಸರ ತಗೀರಿ.”

ಸಾಹೇಬರ ಮುಖ ಹುಳ್ಳಗಾಯಿತು. ಆಮೇಲೆ ನೋಡೋಣ ಎಂದರು. ಮಾಸ್ತರರು ಅಲ್ಲೇ ಮಂಡಳಿಯ ಬಾಗಿಲಲ್ಲಿ ಕುಳಿತರು. ಮರುದಿನವೂ ಕುಳಿತರು. ಸುದ್ದಿ ಕೇಳಿ ಬಂದ ಲಾಡಬಿ ಎಂಬ ಕೊಂಡಿಯ ಕೆಲಸದಾಕೆ ಕಲ್ಲಿನ ಮೇಲಿನ ಗಂಟನ್ನು ಬೆರಳಿನಿಂದ ತಡವಿ ನೋಡಿ, ಮಾಸ್ತರರ ಪಕ್ಕದಲ್ಲಿ ಕುಳಿತಳು. ಆಮೇಲೆ ಇನ್ನೂ ಹತ್ತು ಹೆಂಗಸರು. ಮೂರನೆಯ ದಿನ ಸಾಹೇಬರು ಕಲ್ಲುಕುಟಿಗನನ್ನು ಕರೆಸಿ ಹೆಸರನ್ನು ತೆಗೆಸಿದರು. ಗಂಟು ಹಾಗೇ ಉಳಿಯಿತು.

ಆ ಕಲ್ಲಿನಲ್ಲಿ ಈಗ ಅಂಗೈಯಗಲದ ಒರಟು ಗಾಯವಿದೆ. ಇಲ್ಲಿ ಯಾರ ಹೆಸರಿತ್ತು ಎಂದು ಹೊಸಬರು ಕೇಳುತ್ತಾರೆ. ಹೇಳುವವರು ಗಂಟಿನ ವಿಷಯದಿಂದಲೇ ಶುರು ಮಾಡಬೇಕು. ಹೆಸರು ಕೆತ್ತಿಸಿಕೊಳ್ಳಲು ಓಡಾಡುವವರು ಊರೂರಿಗೂ ಇದ್ದಾರೆ, ಅಳಿಸಿಕೊಳ್ಳಲು ಹಟ ಹಿಡಿದು ಕೂರುವವರು ತೀರ ವಿರಳ. ಇಂಥವರು ಸರ್ಕಾರವನ್ನು ಗೆಲ್ಲುವುದಿಲ್ಲ, ನಿಜ. ಆದರೆ ಸುಳ್ಳಿನ ಕೆಳಗೆ ಅವರ ಹೆಸರನ್ನು ನಿಲ್ಲಿಸುವುದು ಸರ್ಕಾರಕ್ಕೂ ಆಗುವುದಿಲ್ಲ.