ಕಡಲ ತಳದ ಪಾಸ್‌ಪೋರ್ಟು

ನಿಜ, ದೇವರಾಣೆಗೂ ನಡೆದದ್ದೇ ಇದು, ಒಂದಕ್ಷರ ಸುಳ್ಳಿಲ್ಲ — ಎತ್ತಿದ ಬಲಗೈ ಆಗಲೇ ನೋಯುತ್ತಿದೆ, ಎದುರು ಕೂತ ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿ ಹುಡುಗಿಯ ಮೂಗಿನ ತುದಿ ನೆಗಡಿಗೆ ಕೆಂಪಾಗಿದೆ, ಪಾಪ, ತಾಲಿನ್ನಿನ ಗಾಳಿ ಅವಳಿಗೆ ಒಗ್ಗಿಲ್ಲ, ಕೈ ಇಳಿಸಿ ವೋಲ್ಡೆಮಾರ್ ಅವರೇ, ಪ್ರಮಾಣ ಮುಗೀತು, ಅನ್ನುತ್ತಾಳೆ, ಇಳಿಸುತ್ತೇನೆ, ಐವತ್ತೊಂಬತ್ತು ವರ್ಷದಲ್ಲಿ ನನ್ನ ಬಾಯಲ್ಲಿ ಸತ್ಯದ ಪ್ರಮಾಣ ಹೊರಡಿಸಿದವಳು ಇವಳೊಬ್ಬಳೇ, ನಮ್ಮ ಹಾರ್ನಾ ದ್ವೀಪದಲ್ಲಿ ಈ ವೋಲ್ಲಿ ಇವತ್ತು ಸೋಮವಾರ ಅಂದರೆ ಜನ ಎದ್ದು ಹೋಗಿ ಕ್ಯಾಲೆಂಡರ್ ನೋಡುತ್ತಾರೆ. ಮೇಜಿನ ಮೇಲೆ ನನ್ನ ಅಮೆರಿಕದ ನೀಲಿ ಪಾಸ್‌ಪೋರ್ಟು, ಹೋದ ತಿಂಗಳಷ್ಟೇ ಅವಧಿ ಮುಗಿದದ್ದು, ಪಕ್ಕದಲ್ಲಿ ಆರು ವರ್ಷ ಹಳೆಯ ಪತ್ರಿಕೆಯ ತುಂಡು, ಅದರಲ್ಲಿ ನಾನು ದೋಣಿಕಟ್ಟೆಯ ಮೇಲೆ ನಿಂತು ಅದೇ ನೀಲಿಯದೇನನ್ನೋ ಸಮುದ್ರಕ್ಕೆ ಎಸೆಯುತ್ತಿದ್ದೇನೆ, ಹೊಟ್ಟೆ ಆಗ ಇಷ್ಟಿರಲಿಲ್ಲ. ನೋಡಿ, ಬೇರೆ ದೇಶದಲ್ಲಿ ಪದವಿ ಹಿಡಿದ ಮಾತ್ರಕ್ಕೆ ಪೌರತ್ವ ಹೋಗಲ್ಲ, ಬಿಟ್ಟುಬಿಡ್ಬೇಕು ಅನ್ನೋ ಮನಸ್ಸಿಂದಲೇ ಹಿಡಿದಿದ್ರೆ ಮಾತ್ರ ಹೋಗುತ್ತೆ, ನಿಮಗೆ ಆ ಮನಸ್ಸಿತ್ತಾ, ಅನ್ನುತ್ತಾಳೆ ಹುಡುಗಿ — ಮನಸ್ಸಂತೆ, ಅದೇನು ಇಸ್ಪೀಟಿನ ಎಲೆಯೇ, ತಿರುಗಿಸಿ ತೋರಿಸಲು, ಹೌದು, ಇಸ್ಪೀಟೇ, ಅವತ್ತು ಎಸೆದದ್ದು ಇಸ್ಪೀಟಿನ ನೀಲಿ ಡಬ್ಬಿ ತಾಯಿ, ಒಳಗೆ ಐವತ್ತೊಂದೇ ಎಲೆ ಇದ್ದವು, ಊರ ಯಜಮಾನಿಕೆಯ ಚುನಾವಣೆಗೆ ಭಾಷಣ ಮಾಡಲು ನಿಂತಿದ್ದೆ, ಬಲೆ ಹೆಣೆಯುವ ಓಸ್ವಾಲ್ಡ್ ಹಿಂದಿನಿಂದ ಕೂಗಿದ, ಏ ವೋಲ್ಲಿ, ಕಷ್ಟ ಬಂದ ದಿನ ನೀನು ಓಡ್ತೀಯ, ಜೇಬಲ್ಲಿ ಅಮೆರಿಕ ಇಟ್ಕೊಂಡೋನಿಗೆ ನಮ್ಮೂರ ಯಜಮಾನಿಕೆ ಯಾಕೋ, ಜನ ನಕ್ಕರು, ಕೈ ಜೇಬಿಗೆ ಹೋಯಿತು, ತಗೋ ನಿನ್ನ ಅಮೆರಿಕ, ಎಸೆದೆ, ಪುಳಕ್ — ಗೆದ್ದೆ. ಆಮೇಲೆ ಕಥೆ ತಾನೇ ಬೆಳೆಯಿತು, ಒಂದು ಸೀಲ್ ಬಂದು ಅದನ್ನು ನುಂಗಿತು ಅಂದೆ, ಮೀಸೆಯಿರುವ ಕಡಲಪ್ರಾಣಿ, ಪಾಸ್‌ಪೋರ್ಟಿನ ಫೋಟೋ ನನಗಿಂತ ಅದಕ್ಕೇ ಚೆನ್ನಾಗಿ ಹೋಲುತ್ತಿತ್ತು, ಈಗ ನ್ಯೂಜೆರ್ಸಿಯಲ್ಲಿ ನನ್ನ ಪಿಂಚಣಿ ತಿನ್ನುತ್ತಾ ಆರಾಮಾಗಿದೆ, ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದರು.

ನ್ಯೂಜೆರ್ಸಿಯಲ್ಲಿ ನನ್ನ ಹೆಂಡತಿ ಸಾಲ್ಮೆ ಇದ್ದಳು. ಒಂದೇ ಬೇಸಿಗೆ ಕಣೇ, ಅಪ್ಪನ ಮನೆ ಇದೆಯೋ ಬಿದ್ದಿದೆಯೋ ನೋಡಿ ಬರ್ತೀನಿ ಅಂದು ಹೊರಟಿದ್ದೆ, ಅವಳು ಬಟಾಣಿ ಕಾರ್ಖಾನೆಯಿಂದ ನೇರ ವಿಮಾನ ನಿಲ್ದಾಣಕ್ಕೆ ಬಂದಿದ್ದಳು, ರಬ್ಬರ್ ಬೂಟಿನಲ್ಲೇ. ನಾನು ಎಸೆಯುತ್ತಿರುವ ಆ ಫೋಟೋ ಅಲ್ಲಿಯ ನಮ್ಮವರ ಪತ್ರಿಕೆಯಲ್ಲೂ ಬಂದಿರಬೇಕು, ಅವಳು ಒಂದು ಮಾತೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಮುಂದಿನ ವರ್ಷ ಹೋದರಾಯಿತು, ದೋಣಿಕಟ್ಟೆ ರಿಪೇರಿ ಆಗಲಿ, ಶಾಲೆಯ ಸೂರು ಆಗಲಿ, ಹೋದರೆ ಊರಿಗೆಲ್ಲ ತಿಳಿದುಹೋಗುತ್ತದಲ್ಲ, ಡಬ್ಬಿಯಲ್ಲಿ ಏನಿತ್ತೆಂದು — ಅದೊಂದೇ ಅಲ್ಲ, ಈಗಷ್ಟೇ ಸತ್ಯದ ಪ್ರಮಾಣ ಮಾಡಿದ್ದೀಯ ವೋಲ್ಲಿ, ಅಲ್ಲಿ ನಾನು ಬಟಾಣಿ ಮೂಟೆ ಹೊರುವವನು, ಇಲ್ಲಿ ಯಜಮಾನ್ರೇ ಅನ್ನುತ್ತಾರೆ, ಟೋಪಿ ತೆಗೆಯುತ್ತಾರೆ. ಮೊನ್ನೆ ವಿರ್ವೆಯ ಫೋನು, ಮಗಳ ದನಿ ಅವಳಮ್ಮನದೇ ಆಗಿಬಿಟ್ಟಿದೆ, ಅಪ್ಪಾ, ಅಮ್ಮನ ಶ್ವಾಸಕೋಶ ಪೂರ್ತಿ ಹೋಗಿದೆ, ಡಾಕ್ಟ್ರು ಒಂದು ವಾರ ಅಂದ್ರು, ನಿನಗೆ ಬರಕ್ಕಾಗಲ್ಲ ಅಂತ ಗೊತ್ತು, ಸುಮ್ನೆ ತಿಳಿಸ್ದೆ. ಯಾಕಾಗಲ್ಲ ಮಗಳೇ. ಪಾಸ್‌ಪೋರ್ಟ್ ಸಮುದ್ರದಲ್ಲಿದೆಯಲ್ಲಪ್ಪಾ, ಅಮ್ಮ ಚರ್ಚಲ್ಲಿ ಎಲ್ರಿಗೂ ಅದನ್ನೇ ಹೇಳ್ತಾಳೆ, ಪಾಪ ನನ್ ವೋಲ್ಲಿ, ಬಾಯಿಬಡುಕ, ಏನೋ ಹುಮ್ಮಸ್ಸಲ್ಲಿ ಎಸೆದ್ಬಿಟ್ಟ, ಈಗ ಬರಬೇಕು ಅಂದ್ರೂ ದಾರಿಯಿಲ್ಲ, ಇಲ್ದಿದ್ರೆ ಈಜಿಕೊಂಡಾದ್ರೂ ಬರ್ತಿದ್ದ. ಆಮೇಲೆ ಫೋನಿನಲ್ಲಿ ಸಾಲ್ಮೆಯ ಉಸಿರು, ಮರಳಿನ ಮೇಲೆ ದೋಣಿ ಎಳೆದ ಹಾಗೆ, ಕಳ್ಳದಾರೀಲಿ ಬರಕ್ಕೆ ಹೋಗಬೇಡ ಕಣೋ, ಹಿಡಿದು ಜೈಲಿಗೆ ಹಾಕ್ತಾರೆ.

ಊರೆಲ್ಲ ನಕ್ಕು ಮರೆತ ಕಥೆಯನ್ನು ಹಿಡಿದು ಬದುಕಿದವಳು ಸಾಲ್ಮೆ ಒಬ್ಬಳೇ. ನಂಬಿ ಆರು ವರ್ಷ ಅದರ ಮೇಲೇ ಮಲಗಿ ಎದ್ದಳು, ಹಾಸಿಗೆಯ ಹಾಗೆ. ಹುಡುಗಿ ಮೂಗು ಒರೆಸಿಕೊಂಡು ಬರೆಯುತ್ತಿದ್ದಾಳೆ, ಹಾಗಾದ್ರೆ ಬಿಡೋ ಮನಸ್ಸಿರಲಿಲ್ಲ, ಪಾಸ್‌ಪೋರ್ಟ್ ನಿಮ್ಮ ಹತ್ರಾನೇ ಇತ್ತು, ಆರು ವರ್ಷ ಅಮೆರಿಕಕ್ಕೆ ಹೋಗೋಕೆ ಯಾವ ಅಡ್ಡಿನೂ ಇರಲಿಲ್ಲ, ಸರಿ ತಾನೇ? ಸರಿ. ಒಂದ್ಸಲಾನೂ ಹೋಗಲಿಲ್ವಾ? ಇಲ್ಲಮ್ಮಾ. ಇಲ್ಲಿ ಸಹಿ ಹಾಕಿ, ಹೊಸದು ಮಧ್ಯಾಹ್ನಕ್ಕೇ ಕೊಡ್ತೀವಿ, ಸಂಜೆ ವಿಮಾನ ಹಿಡೀಬಹುದು. ಅಷ್ಟೇ. ಬಿಡುವ ಮನಸ್ಸಿತ್ತು ಅಂದರೆ ಸಾಲ್ಮೆಯ ವೋಲ್ಲಿ ಉಳಿಯುತ್ತಾನೆ, ಸಾಲ್ಮೆಯ ಮುಖ ಸಿಗುವುದಿಲ್ಲ. ಇರಲಿಲ್ಲ ಅಂದರೆ ನಾಳೆ ಅವಳ ಮಂಚದ ಪಕ್ಕ ಕೂರಬಹುದು, ಅವಳು ಕೇಳುತ್ತಾಳೆ, ಹೆಂಗೆ ಬಂದ್ಯೋ, ಕೇಳದೆ ಬಿಡುವವಳಲ್ಲ — ನನ್ನ ಕೈ ಸಹಿ ಹಾಕುತ್ತಿದೆ, ಸೊಟ್ಟಸೊಟ್ಟ ಅಕ್ಷರ, ನಾಲ್ಕನೇ ಕ್ಲಾಸಿನವು. ಹುಡುಗಿ ಹಳೆಯದಕ್ಕೆ ತೂತು ಹೊಡೆದು ನನ್ನತ್ತ ತಳ್ಳುತ್ತಾಳೆ, ನೆನಪಿಗೆ ಇಟ್ಕೊಳ್ಳಿ. ಒಣಗಿ ಗರಿಗರಿಯಾಗಿದೆ, ಒಂದು ಹಾಳೆಯೂ ಮಡಿಸಿಲ್ಲ, ಸಾಲ್ಮೆಯ ಜ್ವರದ ಬೆರಳು ಈ ಹಾಳೆಗಳನ್ನು ಒಂದೊಂದಾಗಿ ತಿರುವುವುದು ಕಾಣುತ್ತದೆ, ತಿರುವಿ ಬೆರಳನ್ನು ನಾಲಿಗೆಗೆ ಮುಟ್ಟಿಸುವುದು, ಮತ್ತೆ ತಿರುವುವುದು, ಮತ್ತೆ ನಾಲಿಗೆ — ತಾಯಿ, ಒಂದು ಬೋಗುಣಿ ನೀರು ಸಿಗುತ್ತಾ, ಕುಡಿಯಕ್ಕಲ್ಲ, ಇದನ್ನು ನೆನೆಸಕ್ಕೆ, ಕಡಲಿಂದ ಎತ್ತಿದ ಹಂಗೆ ಇರಬೇಕು, ಹಂಗೇ ಉಪ್ಪು, ಜಾಸ್ತಿ ಬೇಡಮ್ಮಾ, ನಮ್ಮ ಕಡಲು ಅಷ್ಟು ಉಪ್ಪಲ್ಲ, ಒಂದೇ ಚಿಟಿಕೆ, ಅವಳಿಗೆ ರುಚಿ ಗೊತ್ತಾಗುತ್ತೆ.