ಟವಲ್ ಕೆಳಗಿನ ಸಂಬಳ

ಸಿಂಧುಗೆ ಬಂದ ಕೆಲಸ ಶತ್ರುವಿಗೂ ಬೇಡ. ತನ್ನ ಕುರ್ಚಿಗೆ ಇನ್ನೊಬ್ಬರನ್ನು ತಾನೇ ಹುಡುಕಿ ಕೂರಿಸಬೇಕಿತ್ತು.

ಬಿಳಿಗೆರೆ ಹತ್ತಿರ ಶಂಭುಲಿಂಗಯ್ಯನವರ ಕಾಯಿಪುಡಿ ಫ್ಯಾಕ್ಟರಿಯಲ್ಲಿ ಅವಳು ಎಚ್.ಆರ್. ಹಾಗಂತ ಫ್ಯಾಕ್ಟರಿಯವಳೇನಲ್ಲ, ತುಮಕೂರಿನ ಯಾವುದೋ ಏಜೆನ್ಸಿಯಿಂದ ಕಾಂಟ್ರಾಕ್ಟ್ ಮೇಲೆ ಬಂದವಳು. ಕಾಯಿ ಹೆರೆಯುವ ಹೆಂಗಸರಿಗೆಲ್ಲ ಓಡಾಡಿ ಪಿ.ಎಫ್. ಮಾಡಿಸಿದ್ದು ಇವಳು, ಇವಳ ಪಿ.ಎಫ್. ಮಾತ್ರ ದೇವರಿಗೇ ಪ್ರೀತಿ. ಊರವರ ರಜೆ ಚೀಟಿಗೆಲ್ಲ ಇವಳದೇ ಸಹಿ, ಇವಳು ಜ್ವರ ಬಂದರೂ ಮಾತ್ರೆ ನುಂಗಿ ಬರಬೇಕು. ಅಂಥದ್ದರಲ್ಲಿ ಈ ಸಲ ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ ಶಂಭುಲಿಂಗಯ್ಯನವರು, ಏಜೆನ್ಸಿ ಸಹವಾಸ ಸಾಕು, ಪರ್ಮನೆಂಟಾಗಿ ಒಬ್ಬ ಹುಡುಗನ್ನ ತಗೊಳ್ಳೋಣ, ನೀನೇ ನೋಡಿ ಆರಿಸಮ್ಮ ಅಂದುಬಿಟ್ಟರು. ನಾನಿದ್ದೀನಲ್ಲ ಸಾರ್ ಅನ್ನುವ ಮಾತು ಗಂಟಲವರೆಗೂ ಬಂತು. ಕೇಳಿ ಇಲ್ಲ ಅನ್ನಿಸಿಕೊಂಡರೆ ಮುಖ ಎಲ್ಲಿಡೋದು? ನುಂಗಿಕೊಂಡಳು.

ತುರುವೇಕೆರೆಯಿಂದ ಅರುಣ್ ಕುಮಾರ್ ಅಂತ ಒಬ್ಬ ಬಂದ. ಎಂ.ಬಿ.ಎ., ಬೂಟು ಫಳಫಳ. ಇವನು ತಡವರಿಸಲಿ ಅಂತ ಸಿಂಧು ಹುಡುಕಿ ಹುಡುಕಿ ಪ್ರಶ್ನೆ ಕೇಳಿದಳು. ಹಾಳಾದವನು ಎಲ್ಲಕ್ಕೂ ನಗುನಗುತ್ತಾ ಉತ್ತರ ಹೇಳಿದ. ಹೊಟ್ಟೆ ಉರಿದರೂ ಯಜಮಾನರ ಮುಂದೆ ಕರೆದುಕೊಂಡು ಹೋಗಿ ಕೂರಿಸಿದಳು.

ಶಂಭುಲಿಂಗಯ್ಯನವರು ಮೊದಲಿಂದ ದನದ ವ್ಯಾಪಾರ, ಕೊಬ್ಬರಿ ವ್ಯಾಪಾರ ಮಾಡಿ ಮೇಲೆ ಬಂದವರು. ಸಂಬಳ ಎಷ್ಟು ಬೇಕಪ್ಪ ಅಂತ ಬಾಯಲ್ಲಿ ಕೇಳುವ ಜಾಯಮಾನವೇ ಅಲ್ಲ. ಹೆಗಲ ಮೇಲಿನ ಟವಲ್ ತೆಗೆದು ಹುಡುಗನ ಕೈಗೆ ಹೊದಿಸಿ, ತಮ್ಮ ಕೈಯನ್ನೂ ಒಳಗೆ ತೂರಿಸಿ, ಅವನ ಬೆರಳು ಹಿಡಿದು ಅಮುಕಿದರು. ದನದ ವ್ಯಾಪಾರದಲ್ಲಿ ಹೀಗೇ ತಾನೆ, ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ, ಪಕ್ಕದವನಿಗೆ ರೇಟು ತಿಳಿಯಕೂಡದು. ಪಾಪ, ಎಂ.ಬಿ.ಎ.ಯಲ್ಲಿ ಇದನ್ನು ಯಾರು ಹೇಳಿಕೊಡ್ತಾರೆ? ಹುಡುಗ ಬೆಚ್ಚಿಬಿದ್ದು ಕೈ ಕಿತ್ತುಕೊಂಡು, ಫೈಲನ್ನೂ ಬಿಟ್ಟು ಗೇಟಿನ ಕಡೆ ಕಾಲು ಕಿತ್ತ.

ಬೆರಳು ಹಿಡಿಯೋಕೂ ಬರಲ್ಲ, ಇದೇನು ಓದಮ್ಮ ಅಂತ ಯಜಮಾನರು ಗೊಣಗಿದರು. ಸಿಂಧುಗೆ ಇನ್ನು ತಡೆಯಲಾಗಲಿಲ್ಲ.

“ಸಾರ್, ನನ್ನನ್ಯಾಕೆ ಪರ್ಮನೆಂಟ್ ಮಾಡ್ಕೊಳ್ಳಲ್ಲ ನೀವು?”

ಶಂಭುಲಿಂಗಯ್ಯನವರು ನೆಲ ನೋಡಿದರು. “ಆಸೆ ಇಲ್ದೆ ಏನಮ್ಮ? ಹೆಣ್ಮಗಳ ಬೆರಳು ಹಿಡ್ಕೊಂಡು ಹೆಂಗೆ ವ್ಯಾಪಾರ ಮಾಡ್ಲಿ? ಅದ್ಕೇ ನಿನ್ನ ರೇಟು ಮಾತಾಡೋಕೆ ಆ ಏಜೆನ್ಸಿಯೋನ ಕೈ ಹಿಡ್ದಿದ್ದು.”

ಅವಳಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇಷ್ಟು ವರ್ಷ ತನ್ನ ಓದಿನಲ್ಲಿ, ಕೆಲಸದಲ್ಲಿ ಏನು ಐಬೋ ಅಂತ ಕೊರಗಿದ್ದೆಲ್ಲ ದಂಡ. ಸಿಟ್ಟು ನೆತ್ತಿಗೇರಿತು. ದಡದಡ ಆಚೆ ಹೋಗಿ, ಪ್ಯಾಕಿಂಗ್ ಶೆಡ್ಡಿನಲ್ಲಿ ಹೆಂಗಸರ ಮೇಲೆ ಕಾರುಬಾರು ನಡೆಸುತ್ತಿದ್ದ ಕಲ್ಲಮ್ಮನವರನ್ನು, ಅಂದರೆ ಯಜಮಾನರ ತಾಯಿಯನ್ನು, ಕೈಹಿಡಿದು ಕರೆತಂದಳು.

ವಿಷಯ ಕೇಳಿದ ಕಲ್ಲಮ್ಮ ಮಗನಿಗೆ ಆ ಕಡೆ ತಿರುಗಲು ಹೇಳಿ, ಅವನ ಕೈಯಿಂದ ಟವಲ್ ಕಿತ್ತುಕೊಂಡು ಸಿಂಧು ಕೈಗೆ ಹೊದಿಸಿದರು. ಒಳಗೆ ಬಳೆಗಳ ಸದ್ದಾಯಿತು. ಸಿಂಧು ತಲೆ ಅಡ್ಡಡ್ಡ ಆಡಿಸಿದಳು. ಕಲ್ಲಮ್ಮ ಲೊಚಗುಟ್ಟಿದರು. ಸಿಂಧು ಇನ್ನೊಂದು ಬೆರಳು ಅಮುಕಿದಳು, ಬಿಡಲಿಲ್ಲ. ಮುದುಕಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಹೂಂ ಅಂದು ಟವಲ್ ಕೊಡವಿದರು.

ಶಂಭುಲಿಂಗಯ್ಯನವರು ತಿರುಗಿ, ಎಷ್ಟಕ್ಕೆ ಆಯ್ತವ್ವ ಅಂತ ಅಳುಕುತ್ತಾ ಕೇಳಿದರು.

“ಟವಲ್ ಕೆಳಗಿನ ಮಾತ ಯಾರಾದ್ರೂ ಆಚೆ ಹೇಳ್ತಾರೇನ್ಲಾ? ಒಂದನೇ ತಾರೀಕು ಕೊಡೋನು ನೀನೇ ಅಲ್ವಾ, ಆಗ ಗೊತ್ತಾಗುತ್ತೆ ಬುಡು.”